ಮೈಕಿನಲ್ಲಿ ಕೂಗಿದ ಗುಟ್ಟು

ಸಿರುಗುಪ್ಪದ ನಮ್ಮ ಹೈಸ್ಕೂಲಿಗೆ ಗುರುವಾರಕ್ಕೊಮ್ಮೆ ಬಳ್ಳಾರಿಯಿಂದ ಆಪ್ತಸಮಾಲೋಚಕಿಯೊಬ್ಬರು ಬರತೊಡಗಿದಾಗ, ಸಕಲ ಮನೋವ್ಯಾಧಿಗಳಿಗೂ ನಮ್ಮ ಗದರಿಕೆಯೇ ಮದ್ದೆಂದು ನಂಬಿದ್ದ ನಾವು ಹಿರಿಯ ಮಾಸ್ತರರು ತುಸು ನೊಂದುಕೊಂಡೆವು. ಆದರೂ ಸತ್ಕಾರಕ್ಕೆ ಕೊರತೆ ಮಾಡಲಿಲ್ಲ. ಆಟದ ಸಾಮಾನಿನ ಕೋಣೆಯನ್ನು, ಗಾಳಿ ಹೋದ ವಾಲಿಬಾಲುಗಳ ಸಮೇತ, ಅವರಿಗೆ ಬಿಟ್ಟುಕೊಟ್ಟೆವು.

ಹಚ್ಚೊಳ್ಳಿಯಿಂದ ಬಸ್ಸಿಗೆ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳು ತಾಯಿ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದಳು. ನನ್ನ ಪಾಠದಲ್ಲಿ ಹೆಸರು ಕೂಗಿದರೆ ಎದ್ದು ನಿಲ್ಲುವಳು, ಅಷ್ಟೇ. ಮೇಡಂ ಬಂದ ಕೆಲವು ವಾರಗಳಿಗೆ ಆ ಕೋಣೆಯೊಳಗಿಂದ ಅವಳ ದನಿ ಕೇಳಿತು. ಹೊರಗೆ ಹಾಯುತ್ತಿದ್ದ ನಾನು ವ್ಯಾಕರಣದ ಪುಸ್ತಕ ಹಿಡಿದು ಕಂಬದ ಹಾಗೆ ನಿಂತುಬಿಟ್ಟೆ.

ಹೆಡ್‌ಮಾಸ್ತರರು ಹಿಗ್ಗಿದರು. ಓಟದಲ್ಲಿ ಗೆದ್ದವರನ್ನೂ ತಡವಾಗಿ ಬಂದವರನ್ನೂ ಪ್ರಾರ್ಥನೆಯ ಮೈಕಿನಲ್ಲಿ ಕೂಗುವುದು ನಮ್ಮ ಸಾಲೆಯ ಪದ್ಧತಿ. ಅದರಂತೆ ಹುಡುಗಿಯನ್ನು ಮುಂದೆ ಕರೆದು, "ಈಕಿ ಮನಸ್ಸಿಗೆ ಭಾಳ ತ್ರಾಸಿತ್ತು. ಕೌನ್ಸೆಲಿಂಗ್ ತಗೊಂಡು ಮಾತಾಡಾಕ ಹತ್ಯಾಳ. ಎಲ್ಲಾರೂ ಚಪ್ಪಾಳಿ ತಟ್ರಿ" ಎಂದರು. ಇಡೀ ಸಾಲೆ ತಟ್ಟಿತು. ನಾನೂ ತಟ್ಟಿದೆ.

ಸಂಜೆ ಬಸ್ಸಿನಲ್ಲಿ ಅವಳಿಗೆ ಹೊಸ ಹೆಸರು ಬಿದ್ದಿತ್ತು: "ಏ ಕೌನ್ಸೆಲಿಂಗು, ಆಕಡಿ ಸರಿ." ಮುಂದಿನ ಗುರುವಾರ ಅವಳು ಆ ಕೋಣೆಯ ಕಡೆ ಸುಳಿಯಲಿಲ್ಲ. ಮಾತೂ ಮತ್ತೆ ನಿಂತಿತು.

"ಹೊಗಳಿದ್ದ ತಪ್ಪಾತೇನ್ರಿ ಮೇಡಂ?" ಹೆಡ್‌ಮಾಸ್ತರರು ನಿಜಕ್ಕೂ ಕಂಗಾಲಾಗಿದ್ದರು.

"ಆಕಿ ನನಗೊಬ್ಬಾಕಿಗೆ ಹೇಳಿದ್ಲು ಸರ್. ನೀವು ಊರಿಗೆಲ್ಲಾ ಹೇಳಿದ್ರಿ. ಇನ್ನ ಎಲ್ಲಾರ್ನೂ ಮೈಕಿನಾಗ ಕೂಗ್ರಿ, ಸರದಿ ಮ್ಯಾಲೆ ನನ್ನ ಕೋಣಿಗೆ ಬರ್ಲಿ. ಮೊದಲು ಇವರು" ಎಂದು ಮೇಡಂ ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ಕೈ ಮಾಡಿದರು.

ಹೀಗಾಗಿ ಸಮಸ್ತ ವಿದ್ಯಾರ್ಥಿವೃಂದದ ಎದುರು ನನ್ನ ಹೆಸರು ಮೊಳಗಿತು. ನಾನು ಗಂಭೀರವದನನಾಗಿ ವಾಲಿಬಾಲುಗಳ ನಡುವೆ ಹೋಗಿ ಕುಳಿತೆ.

"ಹೆಂಗದೀರಿ ಸರ್?"

ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದೆ. ಅದೇಕೋ ಮಾತು ತಕ್ಷಣ ಹೊರಡಲಿಲ್ಲ. ಕಿಟಕಿಯಾಚೆ ಒಬ್ಬ ಪಿಸುಗುಟ್ಟಿದ: "ಲೇ, ಸರ್ ಅಳಾಕ ಹತ್ಯಾರೇನಲೇ?"

ನನ್ನ ಹಿಂದೆ ಎಂಟನೇ ತರಗತಿ ವಾರವಾರ ಸರದಿಯಲ್ಲಿ ಹೋಯಿತು. ಬಸ್ಸಿನಲ್ಲಿ ಕೌನ್ಸೆಲಿಂಗು ಎಂದು ಕೂಗಿದರೆ ಯಾರನ್ನು ಕೂಗಿದ್ದೆಂದು ಈಗ ಯಾರಿಗೂ ತಿಳಿಯದು. ಕಡೆಗೆ ಹುಡುಗಿಯ ಸರದಿ. ಬಂದಳು, ಕುಳಿತಳು, ತುಟಿ ಬಿಚ್ಚಲಿಲ್ಲ. ಮಧ್ಯಾಹ್ನ ಮೇಡಂ ಕುರುಗೋಡಿನ ಸಾಲೆಗೆ ಹೋಗಬೇಕು. ಜವಾನ ಬಾಗಿಲಲ್ಲಿ ಇಣುಕಿ, "ಮೇಡಂ, ಕುರುಗೋಡು ಬಸ್ ಬಂತ್ರಿ" ಎಂದ.

ಮೇಡಂ ಏಳಲಿಲ್ಲ.

ಬಸ್ಸು ಹೋದ ಸದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು. ಜವಾನ ತೆರೆದೇ ಬಿಟ್ಟಿದ್ದ ಬಾಗಿಲಿನಿಂದ ನೋಡಿದೆ: ಹುಡುಗಿ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಮಾತಾಡಲಿಲ್ಲ. ಎದ್ದೂ ಹೋಗಲಿಲ್ಲ.