ಬಟ್ಟೆ ನನ್ನದು, ಹತ್ತಿ ಅವರದು

ಅಥವಾ ಮಳೆ ಇರಲೇ ಇಲ್ಲವೇನೋ. ಕುದ್ರೋಳಿಯ ಆ ಹಾಸಿಗೆ ಅಂಗಡಿಯನ್ನು ನೆನೆದಾಗಲೆಲ್ಲ ಹಂಚಿನ ಮಾಡಿನಿಂದ ನೀರು ಇಳಿಯುತ್ತಿರುತ್ತದೆ. ನನ್ನ ಹೆಂಡತಿಯ ಸೋದರಮಾವ ಅಂಗಡಿಯ ಒಳಗೂ ಕೊಡೆ ಬಿಡಿಸಿಕೊಂಡೇ ನಿಂತಿರುತ್ತಾರೆ. ಅಂಗಡಿಯ ಒಳಗೆ ಯಾರಾದರೂ ಕೊಡೆ ಬಿಡಿಸಿ ನಿಲ್ಲುತ್ತಾರೆಯೇ? ಅಲ್ಲದೆ, ಮನೆಯ ಹಿಂದಿನ ಬೂರುಗದ ಮರದಲ್ಲಿ ಕಾಯಿ ಒಡೆದಿದೆ ಎಂದು ಅವರು ಹೇಳಿದ್ದು ಆ ದಿನವೇ. ಬೂರುಗದ ಕಾಯಿ ಒಡೆಯುವುದು ಬೇಸಿಗೆಯಲ್ಲಿ. ಹಾಗಾದರೆ ಮಳೆ ಸುಳ್ಳು. ಮಳೆಯನ್ನು ನಾನೇ ಸುರಿಸಿರಬೇಕು, ಆ ಮನುಷ್ಯನನ್ನು ಒದ್ದೆ ಮಾಡುವ ಆಸೆಯಿಂದ. ನನ್ನ ನೆನಪು ಅಷ್ಟನ್ನೂ ನಡೆಸಿಕೊಡಲಿಲ್ಲ. ಅವರ ಕೈಗೆ ಕೊಡೆ ಕೊಟ್ಟಿತು.

ಇನ್ನೊಂದು ಮಾತು. ನಾವು ಆಡಿದ್ದೆಲ್ಲ ತುಳುವಿನಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಆಡಿದ ಮಾತನ್ನು ಆಡಿದ ಹಾಗೆಯೇ ಇಟ್ಟಿದ್ದೇನೆ ಎಂದು ನಾನು ಎಲ್ಲಿಯಾದರೂ ಹೇಳಿದರೆ ನಂಬಬೇಡಿ. ಬೈಗುಳದ ದಿಕ್ಕು ಮಾತ್ರ ಸರಿಯಾಗಿದೆ.

ನಮ್ಮದು ಅಳಿಯಸಂತಾನದ ಕಟ್ಟು. ಮನೆ ಹೆಣ್ಣಿನ ಕಡೆಯದು, ಯಜಮಾನಿಕೆ ಅವಳ ಅಣ್ಣನದು ಅಥವಾ ಮಾವನದು. ಮಣ್ಣಗುಡ್ಡದ ನನ್ನ ಹೆಂಡತಿಯ ಮನೆಯಲ್ಲಿ ಗಂಡ ಎಂಬವನು ಸಂಜೆ ಬಂದು ಬೆಳಿಗ್ಗೆ ಹೋಗುವ ಆಸಾಮಿ. ನಾನು ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಕೆಲಸ ಬಿಟ್ಟು ಅಲ್ಲಿಗೆ ನಡೆದು ಹೋಗುತ್ತಿದ್ದೆ. ಜಗಲಿಯಲ್ಲಿ ಮಾವ, ಅಂದರೆ ಅವಳ ಸೋದರಮಾವ, ಕೂತಿರುತ್ತಿದ್ದರು. 'ಬಂದಿರಾ?' ಎನ್ನುತ್ತಿದ್ದರು. ಬಾರದೆ ಇದ್ದಿದ್ದರೆ ಒಳ್ಳೆಯದಿತ್ತು ಎಂಬುದನ್ನು ಆ ಒಂದು ಮಾತಿನಲ್ಲಿ ಹೇಳಲು ಅವರಿಗೆ ಬರುತ್ತಿತ್ತು.

ಆ ಮನೆಯವರು ಮಲಗುತ್ತಿದ್ದುದು ಚಾಪೆಯ ಮೇಲೆ. ಹಾಸಿಗೆ ಇದ್ದದ್ದು ಒಂದೇ. ಅದು ತೆಂಗಿನ ನಾರು ತುಂಬಿದ ಹಳೆಯ ಹಾಸಿಗೆ, ಹೊರಗಿನಿಂದ ಬರುವ ಗಂಡಂದಿರಿಗೆಂದು ಇಟ್ಟದ್ದು. ನನಗಿಂತ ಮೊದಲು ಅದರ ಮೇಲೆ ಮಲಗಿದವರು ನನ್ನ ಹೆಂಡತಿಯ ತಂದೆ. ಅವರು ಈ ಮನೆಯೊಂದಿಗೆ ಜಗಳವಾಡಿ ತಮ್ಮ ತಂಗಿಯ ಮನೆ ಸೇರಿ ಬಹಳ ಕಾಲವಾಗಿತ್ತು. ನಾನು ಅವರನ್ನು ಸರಿಯಾಗಿ ನೋಡಿದವನೂ ಅಲ್ಲ. ಆದರೆ ಅವರ ಬೆನ್ನು ಎಷ್ಟು ಅಗಲ, ಯಾವ ಮಗ್ಗುಲಿಗೆ ಹೊರಳುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ನಾರಿನಲ್ಲಿ ಅವರ ಆಕಾರದ ಹೊಂಡ ಬಿದ್ದಿತ್ತು. ನಾನು ಎಲ್ಲಿ ಮಲಗಿದರೂ ಬೆಳಗಿನೊಳಗೆ ಆ ಹೊಂಡಕ್ಕೆ ಜಾರಿರುತ್ತಿದ್ದೆ. ಆ ಮನೆ ತನ್ನ ಗಂಡಂದಿರಿಗೆ ಎಂತಹ ಜಾಗ ಕೊಡುತ್ತದೆ ಎಂಬುದನ್ನು ತಿಳಿಯಲು ನನಗೆ ಬೇರೆ ಪಾಠ ಬೇಕಾಗಿರಲಿಲ್ಲ.

ಬೆನ್ನು ನೋಯಲು ಶುರುವಾಯಿತು. ಆಫೀಸಿನಲ್ಲಿ ಎದ್ದು ನಿಲ್ಲುವಾಗ ಮೇಜು ಹಿಡಿಯಬೇಕಾಗುತ್ತಿತ್ತು. ಅದೇ ಸುಮಾರಿಗೆ ಅತ್ತಾವರದಲ್ಲಿ ಬಾಡಿಗೆಗೆ ಒಂದು ಸಣ್ಣ ಮನೆ ನೋಡಿದೆ. ಎರಡು ಕೋಣೆ, ಬಾವಿಯಲ್ಲಿ ಪಕ್ಕದ ಮನೆಗೂ ಪಾಲು. ಗಂಡ ಹೆಂಡತಿ ಬೇರೆಯೇ ಮನೆ ಮಾಡಿಕೊಂಡು ಇರುವುದು ನಮ್ಮವರಲ್ಲಿ ಆಗ ಅಲ್ಲೊಂದು ಇಲ್ಲೊಂದು ಶುರುವಾಗಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ: ಅವಳು ನನ್ನ ಜೊತೆ ಬಂದು ಇರಬೇಕು. ಹೆಂಡತಿಯ ಮನೆಯ ಜಗಲಿಯನ್ನು ದಿನವೂ ದಾಟುವ ಶಿಕ್ಷೆ ಮುಗಿಯಬೇಕು. ಅವಳಿಗೆ ಹೇಳಿದೆ. ಇನ್ನಾರಿಗೂ ಹೇಳಲಿಲ್ಲ.

ಅವಳು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. 'ಮೊದಲು ಹಾಸಿಗೆ ಒಂದು ಹೊಸದು ಮಾಡಿಸಿ. ಅಲ್ಲಿಗೆ ಹೋದರೂ ಮಲಗಲಿಕ್ಕೆ ಬೇಕಲ್ಲ?' ಎಂದಳು.

ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅಂಗಡಿಗೆ ಮಾವ ತಾವಾಗಿಯೇ ಹೊರಟರು. ಕರೆದವರು ಯಾರೂ ಇಲ್ಲ. ಕುದ್ರೋಳಿಯ ಅಂಗಡಿಯವನು ಅವರನ್ನು ಕಂಡ ಕೂಡಲೇ ನನ್ನನ್ನು ಮರೆತ. ಎಳೆದು ಹಾಕಿದ್ದೆಲ್ಲ ಅವರ ಮುಂದೆ.

'ನಾರಿನದ್ದು ನೋಡಿ ಧಣಿ. ಎಷ್ಟು ವರ್ಷ ಮಲಗಿದರೂ ಎಂತದೂ ಆಗುವುದಿಲ್ಲ.'

'ಹಾಸಿಗೆಗೆ ಆಗುವುದಿಲ್ಲ, ಬೆನ್ನಿಗೆ ಆಗ್ತದೆ,' ಎಂದೆ.

'ಕುರ್ಚಿಯಲ್ಲಿ ಕೂತು ಬರೆಯುವವರಿಗೆ ಬೆನ್ನು ಎಂತಕ್ಕೆ ನೋಯುವುದು ಮಾರಾಯ್ರೆ?' ಎಂದರು ಮಾವ. 'ಹಂಚು ಹೊರುವವ ಹೇಳಿದ್ರೆ ಒಪ್ಪಬಹುದು.'

ಅಂಗಡಿಯವ ನಕ್ಕ. ನಾನು ಹತ್ತಿಯ ಹಾಸಿಗೆಯೊಂದರ ಮೇಲೆ, ಚಪ್ಪಲಿ ಕಳಚಿ, ಎಲ್ಲರೆದುರಿಗೆ ಉದ್ದಕ್ಕೆ ಮಲಗಿದೆ. ಹಟಕ್ಕೆ ಮಲಗಿದ್ದು. ಮೇಲೆ ಹಂಚು ಕಾಣುತ್ತಿತ್ತು, ನಮ್ಮ ಕಾರ್ಖಾನೆಯದೇ ಇರಬೇಕು. ಬೆನ್ನಿನ ಕೆಳಗೆ ಹಾಸಿಗೆ ಮೊದಲು ಸ್ವಲ್ಪ ತಗ್ಗಿ ಆಮೇಲೆ ತಡೆದು ನಿಂತಿತು.

'ಹೇಗೆ?' ಎಂದರು.

'ಒಳ್ಳೆದುಂಟು.'

'ಮಲಗಿದ ಕೂಡಲೇ ಎಲ್ಲ ಒಳ್ಳೆದೇ. ಮದುವೆಯೂ ಹಾಗೆ.'

ನಾನು ಎದ್ದು ಕೂತೆ. ಆಗ ಅವರು ಬೂರುಗದ ಮಾತು ತೆಗೆದರು. 'ಹತ್ತಿಗೆ ದುಡ್ಡು ಹಾಕುವುದು ಎಂತಕ್ಕೆ? ಮನೆಯ ಹಿಂದೆ ಬೂರುಗ ಒಡೆದು ಹಾರ್ತಾ ಉಂಟು. ಬಟ್ಟೆ ನೀವು ತೆಗೊಳ್ಳಿ, ಹತ್ತಿ ನಾವು ಕೊಡ್ತೇವೆ. ಇವ ಮನೆಗೆ ಬಂದು ಹೊಲಿದು ಕೊಡಲಿ. ಅದರಷ್ಟು ಮೆತ್ತಗೆ ಬೇರೆ ಇಲ್ಲ.'

ಅವರ ಬಾಯಿಂದ ಬಂದ ಮೊದಲ ಸಭ್ಯ ಮಾತು ಅದು. ಅದಕ್ಕೇ ನಾನು ಎಚ್ಚರಾಗಬೇಕಿತ್ತು. 'ಆಗಲಿ' ಎಂದೆ. ಬಟ್ಟೆಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಕೊಳೆ ಕಾಣದ ಕಂದು ಬಣ್ಣದ್ದು ಆಗಲಿ ಎಂದು ಅವರು. ನೀಲಿ ಗೆರೆಯ ದಪ್ಪ ಬಟ್ಟೆ ಎಂದು ನಾನು. ಗೆದ್ದದ್ದು ನಾನು. ಅಗಲ ಇಬ್ಬರಿಗೆ ಎಂದೆ. ಅವರು ಎದುರಾಡಲಿಲ್ಲ.

ಹೊಲಿಯುವವನು ಬಂದು ಅಂಗಳದಲ್ಲಿ ಬೂರುಗ ಹರಡಿ ಕೋಲಿನಿಂದ ಬಡಿದು ಬೀಜ ಬೇರೆ ಮಾಡಿದ. ಬೂರುಗದ ಎಳೆ ನೆಲದಲ್ಲಿ ನಿಲ್ಲುವ ವಸ್ತುವಲ್ಲ. ಬಾವಿಕಟ್ಟೆ, ಒಣಹಾಕಿದ ಸೀರೆ, ಅತ್ತೆಯ ಕೂದಲು, ಎಲ್ಲದರ ಮೇಲೂ ಕೂತಿತು. ಸೀನಿ ಸೀನಿ ನನ್ನ ಕಣ್ಣು ಕೆಂಪಾಯಿತು. 'ಮನೆಯ ಹತ್ತಿ ಇವರಿಗೆ ಆಗಿಬರುವುದಿಲ್ಲ ಕಾಣ್ತದೆ,' ಎಂದು ಮಾವ ಜಗಲಿಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹಾಸಿಗೆ ಸಂಜೆಯೊಳಗೆ ಸಿದ್ಧವಾಯಿತು. ನನ್ನ ಗೆರೆಗಳು ಉಬ್ಬಿ ನಿಂತವು.

ಒಪ್ಪಿಕೊಳ್ಳಲು ಇಷ್ಟವಿಲ್ಲ, ಆದರೆ ಅಂತಹ ನಿದ್ದೆಯನ್ನು ನಾನು ಮೊದಲು ಮಾಡಿರಲಿಲ್ಲ. ನಂತರವೂ ಮಾಡಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಅದು ಚಂದಕ್ಕೆ ಬರುವ ವಾಕ್ಯ, ನಿಜವಲ್ಲ. ಬೆನ್ನುನೋವು ಹೋಯಿತು, ಅದು ನಿಜ. ಬೆಳಿಗ್ಗೆ ಎಚ್ಚರವಾಗುತ್ತಿರಲಿಲ್ಲ, ಅದೂ ನಿಜ. ಮುಖ ತೊಳೆಯಲು ಹೊರಗೆ ಬಂದರೆ ಮಾವ ಊಟಕ್ಕೆ ಬಂದ ನೆಂಟನನ್ನು ನೋಡಿದ ಹಾಗೆ ನೋಡುತ್ತಿದ್ದರು.

'ಎದ್ದಿರಾ? ನಿಮ್ಮ ಆಫೀಸು ಆಗಲೇ ಎದ್ದು ಕೂತಾಯ್ತು.'

ಒಂದು ದಿನ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: 'ಇಷ್ಟು ಒಳ್ಳೆ ನಿದ್ದೆ ಬಿಟ್ಟು ಅತ್ತಾವರಕ್ಕೆ ಎಂತಕ್ಕೆ ಹೋಗುವುದು?'

ಅತ್ತಾವರದ ಸುದ್ದಿ ನಾನು ಹೇಳಿದ್ದು ಒಬ್ಬಳಿಗೇ. ಮನೆಯನ್ನು ತೋರಿಸಿದ ದಳ್ಳಾಳಿಯೂ ಹೇಳಿರಬಹುದು. ಊರು ಅಷ್ಟು ದೊಡ್ಡದೇನಲ್ಲ. ಆದರೆ ಆಗ ನನಗೆ ದಳ್ಳಾಳಿಯ ನೆನಪಾಗಲಿಲ್ಲ.

ಅತ್ತಾವರದ ಮನೆಯನ್ನು ಬಾಡಿಗೆಗೆ ಹಿಡಿದು, ಭಾನುವಾರ ಎತ್ತಿನ ಗಾಡಿ ಮಾಡಿಕೊಂಡು ಮಣ್ಣಗುಡ್ಡಕ್ಕೆ ಹೋದೆ. ಮಾವ ಎಲೆಗೆ ಸುಣ್ಣ ಸವರುತ್ತಿದ್ದರು.

'ಇದೆಂತ ಗಾಡಿ?'

'ಹಾಸಿಗೆಗೆ.'

'ಹಾಸಿಗೆ ಎಲ್ಲಿಗೆ ಹೋಗ್ತದೆ?'

'ನನ್ನ ಮನೆಗೆ. ಹಾಸಿಗೆಯೂ ಬರ್ತದೆ, ಅವಳೂ ಬರ್ತಾಳೆ.'

'ಅವಳ ವಿಷಯ ಅವಳು ಹೇಳಲಿ. ಹಾಸಿಗೆಯ ವಿಷಯ ನಾನು ಹೇಳ್ತೇನೆ.' ಎಲೆ ಮಡಚಿ ಬಾಯಿಗಿಟ್ಟು, ಅದು ಒಂದು ಬದಿಗೆ ಹೋಗುವವರೆಗೆ ನನ್ನನ್ನು ಕಾಯಿಸಿದರು. 'ಬಟ್ಟೆ ನಿಮ್ಮದು, ಧಾರಾಳ ತೆಗೊಂಡು ಹೋಗಿ. ಹತ್ತಿ ಮರದ್ದು, ಮರ ಮನೆಯದ್ದು. ಮನೆಯ ಸೊತ್ತು ಪಾಲಾಗುವುದಿಲ್ಲ.'

'ಹತ್ತಿಗೂ ಅಳಿಯಸಂತಾನ ಉಂಟೋ?'

'ಈ ಅಂಗಳದಲ್ಲಿ ಬಿದ್ದ ತರಗೆಲೆಗೂ ಉಂಟು.'

'ಹಾಗಾದ್ರೆ ನಿಮ್ಮ ಹತ್ತಿಯ ಮೇಲೆ ನಾನು ಮಲಗಿದ್ದು ತಪ್ಪಾಯ್ತಲ್ಲ.'

'ಮಲಗಿದ್ದು ತಪ್ಪಲ್ಲ. ಹೊರುವುದು ತಪ್ಪು.'

ಅತ್ತೆ ಒಳಗಿನಿಂದ ಬಂದು, 'ಅಣ್ಣ, ರಸ್ತೆಯವರು ಕೇಳ್ತಾರೆ,' ಎಂದರು. 'ಕೇಳಲಿ. ಕೇಳಲಿಕ್ಕೇ ಹೇಳುವುದು,' ಎಂದರು ಮಾವ. ಗಾಡಿಯವನಿಗೆ ಬೇಸರವಾಗಿತ್ತು. 'ಧಣಿ, ಹೇರುವುದುಂಟಾ ಇಲ್ಲವಾ? ಖಾಲಿ ಹೋದ್ರೂ ಬಾಡಿಗೆ ಬಾಡಿಗೆಯೇ,' ಎಂದ.

ನಾನು ಬಾಗಿಲ ಕಡೆ ತಿರುಗಿ ಕೂಗಿ ಕೇಳಿದೆ: 'ನೀನು ಎಂತ ಹೇಳ್ತಿ?'

ಅವಳು ಹೊಸಿಲಿನ ಒಳಗೆ ನಿಂತಿದ್ದಳು. ಮುಖ ಕತ್ತಲೆಯಲ್ಲಿತ್ತು ಎಂದು ನೆನಪು. ಹೊರಗಿನ ಬಿಸಿಲಿನಲ್ಲಿ ನಿಂತವನಿಗೆ ಯಾವ ಮುಖವೂ ಹಾಗೆಯೇ ಕಾಣುತ್ತದೆ. 'ಊಟ ಮಾಡಿ ಹೋಗಿ,' ಎಂದಳು.

ಅದರಲ್ಲಿ ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

'ಹಾಗಾದ್ರೆ ನನ್ನ ಬಟ್ಟೆ ಕೊಡಿ,' ಎಂದೆ ಮಾವನಿಗೆ.

ಅವರಿಗೆ ಒಂದು ಕ್ಷಣ ತಬ್ಬಿಬ್ಬಾಯಿತು. ನಾನು ನಿಜವಾಗಿ ಕೇಳುತ್ತೇನೆಂದು ಎಣಿಸಿರಲಿಲ್ಲ. ಅಷ್ಟು ಸಂತೋಷ ನನಗೆ ಸಿಕ್ಕಿತು, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. 'ಬಿಚ್ಚಿ ಕಳಿಸ್ತೇವೆ,' ಎಂದರು.

ಖಾಲಿ ಗಾಡಿಯಲ್ಲಿ ಕೂತು ಅತ್ತಾವರಕ್ಕೆ ಬಂದೆ.

ಕಳಿಸಿದರು. ಆ ಮನೆಯ ಆಳು ಬಂದು ಮಡಚಿದ ಬಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋದ. ಹರಿದ ಚಿಂದಿ ಬರುತ್ತದೆ ಎಂದುಕೊಂಡಿದ್ದೆ, ಕತ್ತಿ ಹಾಕಿ ಸೀಳಿದ್ದು. ಬಿಡಿಸಿ ನೋಡಿದರೆ ಒಂದು ಕಡೆಯೂ ಸೀಳಿಲ್ಲ. ಸುತ್ತಲಿನ ಹೊಲಿಗೆಯನ್ನು ಒಂದೊಂದೇ ಬಿಚ್ಚಿ ನೂಲನ್ನು ಎಳೆದು ತೆಗೆದಿದ್ದರು. ಸೂಜಿ ಹೋದ ತೂತುಗಳು ಸಾಲಾಗಿ ಹಾಗೆಯೇ ಇದ್ದವು. ಬೂರುಗದ ಎಳೆಗಳನ್ನೂ ಕೊಡವಿ ತೆಗೆದಿದ್ದರು. ಒಂದು ಹಗಲಿಡೀ ಕೂತು ಮಾಡಬೇಕಾದ ಕೆಲಸ.

ಮಾವ ಅದನ್ನು ಮಾಡಿರಲಾರರು. ಅವರ ಕೈಗೆ ಸಿಕ್ಕಿದ್ದು ಹರಿಯುತ್ತಿತ್ತು. ಅತ್ತೆಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಹೊಲಿದವನನ್ನೇ ಕರೆಸಿ ಬಿಚ್ಚಿಸಿರಬಹುದು. ಆದರೆ ಮೆಟ್ಟಿಲ ಮೇಲೆ ಬಟ್ಟೆ ಹಿಡಿದು ನಿಂತವನಿಗೆ ಹೊಳೆದದ್ದು ಒಂದೇ ಹೆಸರು. ಅವಳು ಕೂತು, ಅಷ್ಟು ನಿಧಾನವಾಗಿ, ನನ್ನನ್ನು ಬಿಚ್ಚಿ ಕಳಿಸಿದಳು ಎಂದುಕೊಂಡೆ. ಮಣ್ಣಗುಡ್ಡಕ್ಕೆ ಹೋಗುವುದನ್ನು ನಿಲ್ಲಿಸಿದೆ. ಬಾಡಿಗೆ ಮನೆಯ ನೆಲದಲ್ಲಿ ಚಾಪೆ ಹಾಕಿ ಮಲಗಿದೆ, ಬೆನ್ನುನೋವು ಮರಳಿ ಬಂತು, ಅದನ್ನೂ ಆ ಮನೆಯ ಲೆಕ್ಕಕ್ಕೇ ಬರೆದೆ.

ಮಳೆ ಹಿಡಿಯುವ ಮೊದಲು ಅವಳು ಬಂದಳು. ಇದು ಮಧ್ಯಾಹ್ನ, ನಾನು ಮನೆಯಲ್ಲಿದ್ದೆ, ಹಾಗಾದರೆ ಮತ್ತೆ ಭಾನುವಾರ ಇರಬೇಕು. ಜಟಕಾದಿಂದ ಒಂದು ಟ್ರಂಕು ಇಳಿಯಿತು, ಸುತ್ತಿದ ಚಾಪೆ ಇಳಿಯಿತು, ಆಮೇಲೆ ಅವಳು. ಜೊತೆಗೆ ಯಾರೂ ಇರಲಿಲ್ಲ.

'ಮಾವ ಕಳಿಸಿದ್ರಾ?' ಎಂದೆ. ಬಂದವಳಿಗೆ ನಾನು ಹೇಳಿದ ಮೊದಲ ಮಾತು.

'ಅವರು ಎಂತಕ್ಕೆ ಕಳಿಸ್ತಾರೆ? ಆ ಹತ್ತಿಯನ್ನು ಕೋಣೆಯಲ್ಲೇ ರಾಶಿ ಹಾಕಿಸಿದ್ದಾರೆ. ಬೇರೆ ಬಟ್ಟೆಗೆ ತುಂಬಿಸಲಿಕ್ಕೆ ಬಿಡುವುದಿಲ್ಲ, ಹೊರಗೆ ಬಿಸಾಡಲಿಕ್ಕೂ ಬಿಡುವುದಿಲ್ಲ. ಗಾಳಿ ಬಂದ್ರೆ ಮೂಗಿಗೆ, ಬಾಯಿಗೆ. ಕೆಮ್ಮಿ ಕೆಮ್ಮಿ ಸಾಕಾಯ್ತು.' ಒಳಗೆ ನೋಡಿದಳು. 'ಇಲ್ಲಿ ಮಲಗಲಿಕ್ಕೆ ಎಂತ ಉಂಟು?'

'ನೆಲ ಉಂಟು.'

'ಗುಡಿಸಿದ್ದೀರಾದ್ರೂ?'

ಗುಡಿಸಿರಲಿಲ್ಲ. ಅವಳೇ ಗುಡಿಸಿದಳು. ನನ್ನ ಮೇಲಿನ ಪ್ರೀತಿಯಿಂದ ಬಂದೆ ಎಂದು ಅವಳು ಹೇಳಲಿಲ್ಲ. ಕೆಮ್ಮಿನಿಂದ ಬಂದವಳು ಕೆಮ್ಮು ನಿಂತ ಮೇಲೂ ಇದ್ದಳು, ಈಗಲೂ ಇದ್ದಾಳೆ. ಮಾವ ಸಾಯುವವರೆಗೂ ಈ ಮನೆಯ ಮೆಟ್ಟಿಲು ಹತ್ತಲಿಲ್ಲ, ನಾನೂ ಕರೆಯಲಿಲ್ಲ.

ಬಟ್ಟೆಯನ್ನು ನಾನು ಮಡಚಿ ಗೂಟಕ್ಕೆ ತೂಗುಹಾಕಿದ್ದೆ. ಬಂದ ಮರುದಿನ ಅವಳು ಅದನ್ನು ಇಳಿಸಿ, ಚರ್ರನೆ ಹರಿದು, ಅನ್ನದ ತಪ್ಪಲೆ ಹಿಡಿಯುವ ಮಸಿಬಟ್ಟೆ ಮಾಡಿದಳು. ನಾನು ನೋಡುತ್ತಾ ನಿಂತಿದ್ದೆ. ಇನ್ನೊಮ್ಮೆ ಹತ್ತಿ ತುಂಬಿಸಿ ಹೊಲಿಯಬಹುದಾಗಿದ್ದ ಬಟ್ಟೆ. ಹಾಗೆ ಹೊಲಿಯಲಿ ಎಂದೇ ಯಾರೋ ಅಷ್ಟು ಜೋಪಾನವಾಗಿ ಬಿಚ್ಚಿದ್ದರೆ, ಆ ಬಿಚ್ಚಿದವರು ಇವಳಲ್ಲದೆ ಬೇರೆ ಯಾರೋ ಇರಬೇಕು. ಅಥವಾ ಬಿಚ್ಚಿದವಳೇ ಹರಿದಿರಬೇಕು, ಆ ಕೆಲಸವನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ. ಎರಡನ್ನೂ ನಾನು ಬೇರೆ ಬೇರೆ ದಿನಗಳಲ್ಲಿ ಪೂರ್ತಿಯಾಗಿ ನಂಬಿದ್ದೇನೆ.

ಆಮೇಲೆ ನಾವಿಬ್ಬರೇ ಹೋಗಿ ಹತ್ತಿಯದೊಂದು ಕೊಂಡೆವು, ಬೇರೆ ಅಂಗಡಿಯಲ್ಲಿ. ಅವಳು ಕೈಯಿಂದ ಒತ್ತಿ ನೋಡಿ 'ಇದು' ಎಂದಳು, ಅಷ್ಟೇ. ಸಾಧಾರಣ ಹಾಸಿಗೆ. ಒಂದು ಬದಿ ಗಂಟುಗಟ್ಟುತ್ತದೆ.

ಒಮ್ಮೆ ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. 'ಆ ಬಟ್ಟೆಯ ಹೊಲಿಗೆ ಬಿಚ್ಚಿದ್ದು ಯಾರು?' ಎಂದೆ.

'ಯಾವ ಬಟ್ಟೆ?' ಎಂದಳು, ತಲೆ ಎತ್ತದೆ.

ನೀಲಿ ಗೆರೆಯದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ನಿಜವಾಗಿ ಮರೆತಿದ್ದಳೋ, ಮರೆತ ಹಾಗೆ ಮಾಡಿದಳೋ, ಬಿಚ್ಚಿದ್ದು ಅವಳೋ, ಅವಳಾದರೆ ಮಾವ ಹೇಳಿ ಬಿಚ್ಚಿದ್ದೋ, ತಾನಾಗಿ ಬಿಚ್ಚಿದ್ದೋ, ನನಗೆ ಗೊತ್ತಿಲ್ಲ.