ಹಿಟ್ಟಿನ ಕೋಳಿ, ಬ್ರೆಡ್ಡಿನ ಪುಡಿ

...ಅಥವಾ ಅಂದು ಅವಳು ಅಂಗೈ ಚಾಚಲೇ ಇಲ್ಲವೇನೋ. ಎಂಬತ್ತರ ದಶಕದ ಕೊನೆಯ, ರಾಯಬಾಗದ ಆ ರವಿವಾರವನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ, ಈಗ ನನ್ನಲ್ಲಿ ಉಳಿದಿರುವುದು ಆ ರವಿವಾರವಲ್ಲ, ಹಿಂದಿನ ಸಲ ನೆನೆದ ನೆನಪು. ಚರ್ಚಿನ ಕಿಟಕಿಯಿಂದ ಬೆಲ್ಲ ಕುದಿಯುವ ವಾಸನೆ ತೇಲಿಬರುತ್ತಿತ್ತು ಎನ್ನುತ್ತೇನೆ. ಅದು ಗಾಣದ ಹಂಗಾಮು ಹೌದೋ ಅಲ್ಲವೋ, ಆಣೆ ಮಾಡಲಾರೆ.

ಇಷ್ಟು ಖಚಿತ: ನನ್ನ ಹೆಂಡತಿ ಸಿಸಿಲಿಯಾ ನಿಪ್ಪಾಣಿಯ ಕ್ಯಾಥೋಲಿಕ್ ಮನೆಯ ಮಗಳು, ನಾನು ಪ್ರಾಟೆಸ್ಟಂಟ್. ವಾರವೆಲ್ಲ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದ ನಾವು, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ರವಿವಾರ ಮಾತ್ರ ಬೇರೆ. ನಾನು ಮುಂದೆ ಹೋಗಿ ಮೊಣಕಾಲೂರುತ್ತಿದ್ದೆ; ಅವಳು ಬೆಂಚಿನಲ್ಲೇ ಕೂತಿರುತ್ತಿದ್ದಳು. ಒಮ್ಮೆಯಾದರೂ ಅವಳು ಪಕ್ಕದಲ್ಲಿರಬೇಕೆಂದು ನನಗೆ ಆಸೆ, ಕೇಳುವ ಧೈರ್ಯವಿಲ್ಲ. ಹೀಗಾಗಿ ವಾದ ಮಾಡುತ್ತಿದ್ದೆ.

ವಾದಕ್ಕೆ ಬೈಬಲಿನ ಪುಟ ಒಂದೇ. ಕೊನೆಯ ಊಟದಲ್ಲಿ ರೊಟ್ಟಿ ಮುರಿದ ಯೇಸು ಇದು ತನ್ನ ದೇಹ ಎಂದ; ತನ್ನ ನೆನಪಿಗಾಗಿ ಹೀಗೆ ಮಾಡಬೇಕೆಂದೂ ಹೇಳಿದ. ಸಿಸಿಲಿಯಾಳ ಬೆರಳು ಮೊದಲ ಮಾತಿನ ಮೇಲೆ ನಿಲ್ಲುತ್ತಿತ್ತು, ನನ್ನದು ಎರಡನೆಯದಕ್ಕೆ ಜಾರುತ್ತಿತ್ತು. ಅವಳ ಚರ್ಚಿನ ಫಾದರ್ ಎತ್ತಿ ಹಿಡಿಯುವ, ಗೋದಿ ಹಿಟ್ಟಿನ ತೆಳ್ಳನೆಯ ಅಪ್ಪ ಕಣ್ಣಿಗಷ್ಟೇ ಅಪ್ಪ, ನಿಜದಲ್ಲಿ ಯೇಸುವಿನ ದೇಹ. ನಮ್ಮ ಸಭಾಪಾಲಕರು ಕೊಡುವುದು ಬೇಕರಿ ಬ್ರೆಡ್ಡಿನ ತುಂಡು, ನೆನಪಿನ ಗುರುತು. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಅದರೊಳಗೆ ಆತನೂ ಇರುತ್ತಾನೆ ಎನ್ನುವ ಲುಥರನ್ನರೂ ಇದ್ದಾರೆ. ಕಬ್ಬಿನೊಳಗಿನ ಸಿಹಿಯಂತೆ ಎಂದು ನಾನು ತಿಳಿದಿದ್ದೇನೆ, ಅವರು ಒಪ್ಪಲಿಕ್ಕಿಲ್ಲ. ಪೂರ್ವದ ಆರ್ಥೊಡಾಕ್ಸರು ಅದು ಹೇಗೆಂದು ಕೇಳುವುದನ್ನೇ ಬಿಟ್ಟಿದ್ದಾರಂತೆ. ಜಾಣರು.

ಒಂದು ಸಂಜೆ ಅಂಗಳದಲ್ಲಿ ಇದೇ ಜಗ್ಗಾಟ ನಡೆದಿತ್ತು. ಪಕ್ಕದ ಮನೆಯ ಪದ್ಮಕ್ಕ, ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಕಟ್ಟೆಗೆ ಬಂದು ಕೂತರು.

"ಅದು ಬರೇ ಗುರುತು. ಬ್ರೆಡ್ಡು," ಎಂದೆ ನಾನು.

"ಹಂಗನಬ್ಯಾಡ ತಮ್ಮಾ," ಎಂದರು ಪದ್ಮಕ್ಕ. "ನಮ್ಮ ಕಥಿಯೊಳಗ ಒಬ್ಬ ರಾಜಾ ಜೀವಂತ ಕೋಳಿ ಬ್ಯಾಡಂತ ಹಿಟ್ಟಿನ ಕೋಳಿ ಮಾಡಿ ಬಲಿ ಕೊಟ್ಟ. ಪಾಪ ಬಿಡ್ತೇನು? ಎಷ್ಟೋ ಜನ್ಮ ತಿರುಗಿದ. ಮನಸಿನ್ಯಾಗ ಕೋಳಿ ಅಂದಮ್ಯಾಲ ಅದು ಹಿಟ್ಟಲ್ಲ."

"ಕೇಳಿದ್ರೇನ್ರಿ," ಸಿಸಿಲಿಯಾ ನನ್ನ ಕಡೆ ತಿರುಗಿದಳು. "ಬಟಾಟಿ ಸೈತ ತಿನ್ನದ ಪದ್ಮಕ್ಕ ನನ್ನ ಪಾರ್ಟಿ."

"ನಾ ಯಾರ ಪಾರ್ಟಿನೂ ಅಲ್ಲವಾ. ದೇಹಾ, ರಕ್ತಾ ಅಂತೀರಲ್ಲ, ನನಗ ಉಂಡದ್ದು ಹೊಳ್ಳಿ ಬರಾಕತ್ತೈತಿ."

ಆ ಕೋಳಿ ನನ್ನ ಬೆನ್ನು ಬಿಡಲಿಲ್ಲ. ಮುಂದಿನ ಭೋಜನದ ರವಿವಾರ, ಎಲ್ಲರೂ ಹೊರಗೆ ಹೋಗಿ ನಾವಿಬ್ಬರೇ ಉಳಿದಾಗ ನೋಡಿದೆ: ಸಭೆಯವರು ಮೊಣಕಾಲೂರಿದ್ದ ಕಡೆ ಬ್ರೆಡ್ಡಿನ ಪುಡಿ ಬಿದ್ದಿತ್ತು. ಸಿಸಿಲಿಯಾ ಯಾವಾಗಲೂ ಅದನ್ನು ತುಳಿಯದೆ ಸುತ್ತು ಹಾಕಿ ನಡೆಯುತ್ತಿದ್ದಳು. ನಮ್ಮದು ನಿಜವಾದ ಪರಮಪ್ರಸಾದವಲ್ಲ ಎನ್ನುವವಳು ಯಾಕೆ ಸುತ್ತು ಹಾಕಬೇಕು? ಬರೀ ಗುರುತು ಎನ್ನುವ ನಾನು ಯಾಕೆ ಬಗ್ಗಬೇಕು? ಬಗ್ಗಿದೆ. ಪುಡಿ ಅಂಗೈಗೆ ಬಂತು. ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

"ಬರೇ ಬ್ರೆಡ್ ಅಂತಿದ್ರಿ," ಎಂದಳು ಸಿಸಿಲಿಯಾ, ನಗದೆ. ಪಕ್ಕದಲ್ಲಿ ಮೊಣಕಾಲೂರಿ ಅಂಗೈ ಚಾಚಿದಳು. ಅರ್ಧ ಅವಳ ಕೈಗೆ ಹಾಕಿದೆ.

ತಿನ್ನುವಾಗ ಕಣ್ಣು ಮುಚ್ಚುವುದು ನಮ್ಮವರ ರೂಢಿ. ಮುಚ್ಚಿದೆ. ತೆರೆದಾಗ ಅವಳ ಒಂದು ಅಂಗೈ ಖಾಲಿಯಿತ್ತು, ಇನ್ನೊಂದು ಕೈಯ ಮುಷ್ಟಿಯಲ್ಲಿ ಸೆರಗಿನ ತುದಿ ಇತ್ತು. ತಿಂದಳೋ, ಸೆರಗಿಗೆ ಕಟ್ಟಿಕೊಂಡಳೋ, ನನಗೆ ಗೊತ್ತಿಲ್ಲ.