ಅತ್ತೆಯ ಕೈ ಕಾಯುವ ಕೆಲಸ

ಗೋಕಾಕದಲ್ಲಿ ಪತ್ರಿಕೆಯ ವರದಿಗಾರನಾಗಿ ನಾನು ಆಸ್ಪತ್ರೆಗೆ ಹೋಗುವುದು ಸಾಮಾನ್ಯವಾಗಿ ಅಪಘಾತವಾದಾಗ, ಇಲ್ಲವೇ ಮಂತ್ರಿಗಳು ಬಂದಾಗ. ಎರಡೂ ಸಲ ಬಾಗಿಲ ಬಳಿ ನಿಂತು, ಕೇಳಬೇಕಾದ್ದನ್ನು ಕೇಳಿ ಬಂದುಬಿಡುತ್ತೇನೆ. ಒಳಗೆ, ಜನರಲ್ ವಾರ್ಡಿನ ಮಂಚದ ಪಕ್ಕ ದಿನಗಟ್ಟಲೆ ಕೂತದ್ದು ಅತ್ತೆಗೆ ನಂಜಾದಾಗ ಮಾತ್ರ.

ಅತ್ತೆ ನನ್ನ ತಂದೆಯ ತಂಗಿ. ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ಮಾವ ಕುರಿ ಕಾಯುತ್ತಾರೆ, ಅತ್ತೆ ಮಾವನನ್ನು ಕಾಯುತ್ತಾಳೆ ಎಂದು ನಮ್ಮ ಮನೆಯಲ್ಲೊಂದು ತಮಾಷೆ. ಆಕೆಗೆ ಉರಿಮೂತ್ರ ಶುರುವಾದಾಗ ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದಳು. ಚಳಿಜ್ವರ ಬಂದಾಗ ಕಂಬಳಿ ಹೊದ್ದಳು. ಒಂದು ಮಧ್ಯಾಹ್ನ ಮಾವನನ್ನೇ ನೋಡಿ "ನೀ ಯಾರಪಾ?" ಎಂದಾಗ ಮನೆಯವರು ಟಂಟಂ ಹತ್ತಿಸಿ ಗೋಕಾಕಿಗೆ ಕರೆತಂದರು.

ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಬಾಟಲಿ ಮೇಲೆ ಬಾಟಲಿ ಸಲೈನ್ ಹೋದರೂ ಬಿಪಿ ಏಳಲಿಲ್ಲ. ಐಸಿಯುದಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಬೆಳಗಾವಿಗೆ ಒಯ್ಯೋಣವೆಂದರೆ ಆ ಬಿಪಿಯಲ್ಲಿ ದಾರಿಯೇ ಅಪಾಯ. ವಾರ್ಡಿನ ವೈದ್ಯೆ, ಚಿಕ್ಕ ವಯಸ್ಸಿನವರು, ಹೆಚ್ಚು ಯೋಚಿಸಲಿಲ್ಲ.

"ರಕ್ತನಾಳ ಬಿಗಿ ಮಾಡೂ ಔಷಧ ಇಲ್ಲೇ ಶುರು ಮಾಡ್ತೀನ್ರಿ. ಪೈಪ್ ಸಡ್ಲ ಆಗ್ಯಾವು, ಬರೇ ನೀರ ಬಿಟ್ರ ಒತ್ತಡ ಬರೂದಿಲ್ಲ."

"ಧುಪದಾಳ ಡ್ಯಾಮಿನಾಗ ಗೇಟ್ ಇಳಿಸಿ ಕಾಲುವಿ ನೀರ ಏರಸ್ತಾರಲ್ರಿ, ಹಂಗ?" ಎಂದರು ಮಾವ.

"ಹಂಗs ಅನ್ಕೋರಿ."

ನಾನು ಪತ್ರಿಕಾಗೋಷ್ಠಿಯ ದನಿಯಲ್ಲೇ ಕೇಳಿದೆ: ಐಸಿಯುದ ಔಷಧವನ್ನು ಸಾದಾ ವಾರ್ಡಿನಲ್ಲಿ ಕೊಡಬಹುದೇ?

"ಕೊಡಬಹುದ್ರಿ, ಆದ್ರ ಕೈ ಮ್ಯಾಲ ಸದಾ ಒಂದ್ ಕಣ್ಣಿರಬೇಕು. ಔಷಧ ನರದಿಂದ ಹೊರಗ ಸೋರಿದ್ರ ಅಲ್ಲಿ ಚರ್ಮ ಸಾಯತೈತಿ, ಇಕಡೆ ಬಿಪಿನೂ ಬೀಳತೈತಿ. ಐಸಿಯು ಹಾಸಿಗಿ ಕಾಯ್ಕೋತ ಕುಂತ್ರ ಮಾತ್ರ ಕಿಡ್ನಿ ಉಳ್ಯೂದಿಲ್ಲ. ನೀವು ಪೇಪರ್‌ನವರೇನ್ರಿ? ಆಮ್ಯಾಲ ಬರೀರಿ, ಈಗ ಬಾಜೂ ಸರೀರಿ."

ಬಲ ಮುಂಗೈಯ ದಪ್ಪ ನರಕ್ಕೆ ಸೂಜಿ ಹಾಕಿದರು. ಮಂಚದ ಪಕ್ಕದ ಕಂಬಕ್ಕೆ ಸಿರಿಂಜ್ ಪಂಪ್ ಎಂಬ ಸಣ್ಣ ಪೆಟ್ಟಿಗೆ ಬಂತು. ಅದು ಸಿರಿಂಜನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒತ್ತುತ್ತಿತ್ತು. ಸಿಸ್ಟರ್ ಪದೇ ಪದೇ ಬಂದು ನೋಡುತ್ತಿದ್ದರು. ಆದರೆ ಇಡೀ ವಾರ್ಡಿಗೆ ಅವರೊಬ್ಬರೇ. ಹಾಗಾಗಿ ನಡುವಿನ ಕಾವಲನ್ನು ಮಾವನಿಗೆ ವಹಿಸಿದರು.

"ಅಜ್ಜಾರ, ಸೂಜಿ ಸುತ್ತ ಬೆಳ್ಳಗಾದ್ರ, ಊದಿದ್ರ ತಕ್ಷಣ ಕರೀರಿ. ಕೈ ಮ್ಯಾಲ ಏನೂ ಹೊಚ್ಚಬ್ಯಾಡ್ರಿ. ಯಾರಿಗೂ ಮುಟ್ಟಗೊಡಬ್ಯಾಡ್ರಿ."

"ಹಿಂಡು ಕಾದ ಮನಷ್ಯಾ ನಾ. ಒಂದ್ ಕೈ ಕಾಯೂದೇನ್ ದೊಡ್ಡ ಮಾತ್ರಿ?"

"ಕುರಿ ಒದರತಾವ್ರಿ, ಅಜ್ಜಾರ. ಕೈ ಒದರೂದಿಲ್ಲ."

ಬಿಪಿ ನಿಧಾನವಾಗಿ ಮೇಲೆದ್ದಿತು. ಮರುದಿನ ಬೆಳಿಗ್ಗೆ ಮೂಡಲಗಿಯಿಂದ ಟೆಂಪೋ ತುಂಬ ಬಳಗ ಬಂತು. ನಮ್ಮಲ್ಲಿ ರೋಗಿಯನ್ನು ನೋಡುವುದೆಂದರೆ ಕೈ ಹಿಡಿದು, ಹೆಸರು ಹಿಡಿದು ಕೂಗಿ, "ಗುರತ ಸಿಕ್ತೇನು?" ಎಂದು ಪರೀಕ್ಷೆ ಮಾಡುವುದು. ಮಾವ ಸ್ಟೂಲಿನ ಮೇಲೆ ಕೂತು ಎಲ್ಲರನ್ನೂ ಕಾಲಿನ ಕಡೆಗೆ ಕಳಿಸಿದರು.

"ಪಾದ ಮುಟ್ರಿ. ಕೈಗಿ ಬರಬ್ಯಾಡ್ರಿ."

"ಏನ್ ಕಾಕಾ, ಕಾಕೂನ್ನ ದೇವರ ಮಾಡಿಬಿಟ್ಟೇನು?" ಎಂದ ಒಬ್ಬ.

"ಇನ್ನಷ್ಟ ದಿನ ಮನಷ್ಯಾಳಾಗೇ ಇರ್ಲಿ ಅಂತ ಕುಂತೇನೋ."

ಎಲ್ಲರೂ ನಕ್ಕರು. ಸುತ್ತಲಿನ ಮಂಚಗಳಲ್ಲೂ ನಗು ಹರಡಿತು. ನಾನು ಔಷಧ ಅಂಗಡಿಗೆ ಹೊರಟೆ. ಅದೇ ಹೊತ್ತಿಗೆ ಹುಕ್ಕೇರಿಯಿಂದ ಬೀಗತಿ, ಅಂದರೆ ಅತ್ತೆಯ ಮಗಳ ಅತ್ತೆ, ಬಂದರು. ಮುಂದಿನ ಮಾತುಕತೆ ನನಗೆ ಬಾಜೂ ಮಂಚದವರಿಂದ ತಿಳಿದದ್ದು. ಬೇರೆ ಬೇರೆಯಾಗಿ ಕೇಳಿದಾಗ ಮಾವನೂ ಬೀಗತಿಯೂ ಅದನ್ನೇ ಹೇಳಿದ್ದಾರೆ.

ನಮ್ಮ ಕಡೆ ಹೆಣ್ಣು ಕೊಟ್ಟವರು ಬೀಗರಿಗೆ ಯಾವುದಕ್ಕೂ ಬ್ಯಾಡ ಅನ್ನುವುದಿಲ್ಲ. ಬೀಗತಿ ಕಾಲಿನ ಕಡೆ ಹೋಗಲಿಲ್ಲ. ನೇರ ಬಂದು ಬೆರಳು ಹಿಡಿದರು.

"ಅಯ್ಯ ಶಿವನ! ಕೈ ತಣ್ಣಗ ಹಿಮ ಆಗೇತಲ್ರೀ ಬೀಗರ! ನಿಮ್ಮ ಕುರಿಮರಿ ಆಗಿದ್ರ ಹಿಂಗ ಬಿಡ್ತಿದ್ರೇನು?"

ರಕ್ತನಾಳ ಬಿಗಿಯಾದರೆ ಬೆರಳು ತಣ್ಣಗಾಗುತ್ತದೆ. ಇದನ್ನು ವೈದ್ಯೆ ಹೇಳಿದ್ದರು, ಮಾವನಿಗೆ ನೆನಪೂ ಇತ್ತು.

"ಸಿಸ್ಟರ್ ಬ್ಯಾಡ ಅಂದಾರ್ರಿ..."

"ಸಿಸ್ಟರ್ ನಿಮಗೇನ್ ಬೀಗತಿ ಆಗಬೇಕೇನು?"

ಅಲ್ಲಿಗೆ ಮಾತು ಮುಗಿಯಿತು. ಬೀಗತಿ ಮಾವನ ಹೆಗಲ ಮೇಲಿನ ಕಂಬಳಿಯನ್ನೇ ಎಳೆದುಕೊಂಡು ಮೊಳಕೈವರೆಗೆ ಸುತ್ತಿದರು. ಮಾವ ಎದುರು ಹೇಳಲಾರದೆ, ಎದ್ದು ಹೋಗಲೂ ಆರದೆ, ಕಂಬಳಿಯನ್ನೇ ಕಾಯುತ್ತ ಕೂತರು.

ನಾನು ಮರಳಿದಾಗ ಕಂಡದ್ದು ಕಪ್ಪು ಕಂಬಳಿಯ ಗಂಟು.

"ಮಾವಾ, ಕೈ ಎಲ್ಲಿ?"

"ಒಳಗ ಐತಿ."

ಸಿಸ್ಟರನ್ನು ಕರೆದೆ. ಅವರು ಕಂಬಳಿ ಬಿಚ್ಚಿದರು. ಸೂಜಿಯ ಸುತ್ತ ಚರ್ಮ ಬೆಳ್ಳಗಾಗಿ ಊದಿತ್ತು. ಔಷಧ ನರ ಬಿಟ್ಟು ಮಾಂಸಕ್ಕೆ ಹೋಗುತ್ತಿತ್ತು. ಮಾನಿಟರಿನಲ್ಲಿ ಬಿಪಿ ಜಾರುತ್ತಿತ್ತು. ಅತ್ತೆಯ ಕಣ್ಣುಗಳು ಅರ್ಧ ಮುಚ್ಚಿದ್ದವು. ವೈದ್ಯೆ ಓಡಿ ಬಂದು ಎಡಗೈಯಲ್ಲಿ ನರ ಹುಡುಕತೊಡಗಿದರು. ಒಂದು ಸಿಕ್ಕಿ ತಪ್ಪಿತು. ಇನ್ನೊಂದು ಸಿಗಲೇ ಇಲ್ಲ. ಮಾವ ಎರಡೂ ಕೈಯಿಂದ ಮಂಚದ ಸರಳು ಹಿಡಿದು ನಿಂತಿದ್ದರು. ಕೊನೆಗೆ ಮೊಳಕೈ ಮಡಿಕೆಯ ಮೇಲ್ಗಡೆ ಸೂಜಿ ನಿಂತಿತು, ಪಂಪಿನ ನಳಿಕೆ ಈ ಕಡೆಗೆ ಬಂತು, ಅಂಕಿ ಮೊದಲು ನಿಂತು, ಆಮೇಲೆ ಏರಿತು.

ವೈದ್ಯೆ ಬಲಗೈಯ ಊತದ ಸುತ್ತ ಬೇರೊಂದು ಔಷಧ ಚುಚ್ಚಿ, ಬೆವರು ಒರೆಸಿಕೊಂಡು ಹೇಳಿದರು, "ಈಗ ಈ ಕೈಗಿ ಬೆಚ್ಚಗಿನ ಬಟ್ಟಿ ಇಡ್ರಿ."

ಗೋಡೆಗೆ ಒರಗಿ ನಿಂತಿದ್ದ ಬೀಗತಿ ತಕ್ಷಣ ಜೀವ ತುಂಬಿಕೊಂಡರು. "ನೋಡ್ರಿ ಬೀಗರ, ನಾ ಏನ್ ಹೇಳಿದ್ನಿ?"

"ಯವ್ವಾ," ಎಂದರು ಸಿಸ್ಟರ್, "ನೀವು ಮುಚ್ಚಿದ್ರಿ. ನಾವು ಸೂಜಿ ತಗದು, ಕಣ್ಣಿಟ್ಟು ಕಾಸ್ತೇವಿ."

ಬೀಗತಿಯ ಮುಖ ಇಳಿಯಿತು. ವೈದ್ಯೆ ಒಮ್ಮೆ ಮಾವನನ್ನು, ಒಮ್ಮೆ ಬೀಗತಿಯನ್ನು ನೋಡಿದರು. ನಡೆದದ್ದೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಜ್ಜಾರ, ಈ ಅವ್ವಾರಿಗೆ ಬ್ಯಾಡ ಅನ್ನೂ ಮಂದಿ ನಿಮ್ಮ ಬಳಗದಾಗ ಯಾರರ ಅದಾರೇನ್ರಿ?"

ಮಾವ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಹಂಗಾರ ಎಡಗೈ ಅವರs ಕಾಯಲಿ."

ನಾನು ಈ ಜಿಲ್ಲೆಯಲ್ಲಿ ಅನೇಕ ಬಂದೋಬಸ್ತುಗಳನ್ನು ವರದಿ ಮಾಡಿದ್ದೇನೆ, ಇಂಥದ್ದನ್ನು ಕಂಡಿಲ್ಲ. ಬೀಗತಿ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತರು. ನಾಗನೂರಿನಿಂದ ಬಂದ ಹಿರಿಯರು ಹಣೆಗೆ ವಿಭೂತಿ ಹಚ್ಚಲು ಬಗ್ಗಿದಾಗ "ಆ ಬಾಜೂದಿಂದ ಬರ್ರಿ" ಎಂದು ಮಂಚ ಸುತ್ತಿಸಿದರು. ಬೀಗತಿಯ ಸ್ವಂತ ಮಗನೇ ತಾಯಿಯನ್ನು ಊಟಕ್ಕೆ ಕರೆಯಲು ಬಂದು, ಬೈಸಿಕೊಂಡು ಹೋದ. ಸೂಜಿಯ ಜಾಗ ತುಸು ಕೆಂಪಾದರೂ ಸಿಸ್ಟರಿಗೆ ಕರೆ ಹೋಗುತ್ತಿತ್ತು. ಒಮ್ಮೆ ಅದು ಸೊಳ್ಳೆ ಕಚ್ಚಿದ ಗುರುತಾಗಿತ್ತು.

"ಕರೀರಿ ಅಂದ್ರ ಇಷ್ಟ್ ಕರೀತೀರೇನ್ರಿ?" ಎಂದರು ಸಿಸ್ಟರ್, ಬಂದು ನೋಡಿಯೇ ಹೋದರು.

ಆ್ಯಂಟಿಬಯೋಟಿಕ್ ಕೆಲಸ ಮಾಡಿತು. ಪಂಪಿನ ವೇಗವನ್ನು ವೈದ್ಯೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಐಸಿಯುದಲ್ಲಿ ಹಾಸಿಗೆ ಖಾಲಿಯಾಗಿದೆ ಎಂಬ ಸುದ್ದಿ ಬಂದಾಗ, ಅದು ಇನ್ನೊಬ್ಬರಿಗಿರಲಿ ಎಂದರು. ಬಲಗೈಯ ಊತ ಇಳಿದು ಬರೀ ಕಂದು ಕಲೆ ಉಳಿದಿತ್ತು.

ಪಂಪ್ ಪೂರ್ತಿ ನಿಲ್ಲಿಸಿದ್ದು ಒಂದು ಬೆಳಿಗ್ಗೆ. ಔಷಧವಿಲ್ಲದೆ ಬಿಪಿ ನಿಲ್ಲುವುದೋ ಇಲ್ಲವೋ ಎಂದು ನಾವೆಲ್ಲ ಮಾನಿಟರನ್ನೇ ನೋಡುತ್ತ ನಿಂತೆವು. ಸಿಸ್ಟರ್ ಒಮ್ಮೆ ಅಳೆದರು. ಸುಮಾರು ಹೊತ್ತು ಬಿಟ್ಟು ಮತ್ತೆ ಅಳೆದರು. ನಿಂತಿತ್ತು.

ಅತ್ತೆ ಕಣ್ಣು ತೆರೆದು ಸುತ್ತ ನೋಡಿದಳು. ಗುರುತು ಸಿಕ್ಕಿತೇ ಎಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಅವಳ ಕಣ್ಣು ಸ್ಟೂಲಿನ ಮೇಲೆ ನಿಂತಿತು, ಅಲ್ಲಿಂದ ಮಾವನ ಕಡೆ ತಿರುಗಿತು. ದನಿ ಸಣ್ಣದಾಗಿತ್ತು, ಆದರೆ ಗತ್ತು ಹಳೆಯದೇ.

"ಬೀಗತ್ಯಾರು ಬಂದು ಕುಂತಾರ. ಚಾ ಕೊಟ್ಟೀಯಿಲ್ಲೋ?"

ಮಾವ ಕಣ್ಣೊರೆಸಿಕೊಳ್ಳುತ್ತ ಚಹಾ ತರಲು ಓಡಿದರು.